ಹದಿನೇಳೂವರೆ ಗಂಟೆ

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದರಷ್ಟೇ, ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದರು. ಮೇಸ್ತ್ರಿ ತಿರುಗಿ ನೋಡಿದರೆ ಮಗಳು. ಮೂರು ಮಹಡಿಯನ್ನು ಓಡುತ್ತಲೇ ಇಳಿದು ಬಂದಿದ್ದಳೇನೋ, ಕಾಲಲ್ಲಿ ಜೊತೆ ತಪ್ಪಿದ ಚಪ್ಪಲಿ. ಒಂದು ಅವಳದು, ಇನ್ನೊಂದು ಅವಳ ಸೋದರತ್ತೆಯದು.

"ಅಪ್ಪಾ, ಎಲ್ಲಿಗೆ ಹೊರಟೆ?"

"ಅಲ್ಲಿಗೆ."

"ಬೆಳಗ್ಗೆಯಿಂದ ಎಷ್ಟು ಸಲ ಹೇಳ್ಲಿ ನಿಂಗೆ? ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬರ್ತಾರೆ. ಹನ್ನೆರಡು ಗಂಟೆಗೆ ಗಾಡಿ ಬರತ್ತೆ."

"ಬರ್ಲಿ. ನಾನೂ ಅದೇ ಗಾಡೀಲಿ ಬರ್ತೀನಿ. ಒಬ್ಬಳೇ ಯಾಕೆ ಬರ್ಬೇಕು ಅವಳು?"

ಡ್ರೈವರ್ ಕನ್ನಡಿಯಲ್ಲಿ ನೋಡಿ, "ಹತ್ತಿ ಯಜಮಾನ್ರೇ, ಇವತ್ತೇನು ಮೆಟ್ಟಿಲ ಮೇಲೇ ಸಂಸಾರ ಹೂಡಿದ್ರಿ?" ಎಂದ. ದಿನಾ ನೋಡುವ ಮುಖ, ಆದರೆ ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಮಗಳು ತಲೆಯೆತ್ತಿ ನೋಡಿದಳು. ಮೂರನೇ ಮಹಡಿಯ ಕಿಟಕಿಯಲ್ಲಿ ಸೋದರತ್ತೆ ಎರಡೂ ಕೈ ಚಾಚಿ ಏನೆಂದು ಕೇಳುತ್ತಿದ್ದಳು. ಮಗಳು ಗೊತ್ತಿಲ್ಲವೆಂಬಂತೆ ತಲೆಯಾಡಿಸಿ ಅಪ್ಪನ ಹಿಂದೆಯೇ ಬಸ್ಸು ಹತ್ತಿದಳು.

ಮೇಸ್ತ್ರಿ ಎಂದರೆ ಗಾರೆ ಕೆಲಸದ ಮೇಸ್ತ್ರಿಯಲ್ಲ. ನಲವತ್ತೆರಡು ವರ್ಷ ಪ್ಲಂಬಿಂಗ್ ಮಾಡಿದವರು. ಆ ಬಡಾವಣೆಯಲ್ಲಿ ಅವರು ಮಂಡಿಯೂರದ ಬಚ್ಚಲಿಲ್ಲ, ತಲೆ ತೂರಿಸದ ಸಿಂಕಿಲ್ಲ. ಅವರ ಹೆಂಡತಿ ದೊಡ್ಡಾಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವರು. ಕೆಲಸ ಬಿಟ್ಟ ಮೇಲೂ ಎಲ್ಲರ ಬಾಯಲ್ಲಿ ಅವರು ಸಿಸ್ಟರೇ. ಆ ಸಿಸ್ಟರ್ ಅಂದು ಬೆಳಗಿನ ಐದೂವರೆಗೆ, ಹಿರಿಯರ ನಿವಾಸದ ಆರನೇ ನಂಬರಿನ ಕೋಣೆಯಲ್ಲಿ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಅಲ್ಲಿಗೆ ಸೇರಿ ಎರಡು ವರ್ಷ ನಾಲ್ಕು ತಿಂಗಳಾಗಿತ್ತು.

ಅಷ್ಟೂ ದಿನ ಮೇಸ್ತ್ರಿ ಒಂಬತ್ತೂ ಮುಕ್ಕಾಲರ ಇದೇ ಬಸ್ಸು ಹಿಡಿದು ಹತ್ತೂವರೆಗೆ ಅಲ್ಲಿ ಮುಟ್ಟುತ್ತಿದ್ದರು. ಸಂಜೆ ಐದಕ್ಕೆ ಭೇಟಿಯ ಹೊತ್ತು ಮುಗಿಯಿತೆಂದು ಗಂಟೆ ಬಾರಿಸಿದಾಗ ಎದ್ದು ಬರುತ್ತಿದ್ದರು. ಜ್ವರ ಬಂದು ಮಲಗಿದ್ದ ಆರು ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಿದವರಲ್ಲ.

ಬಸ್ಸು ಎರಡು ಸ್ಟಾಪು ದಾಟುವಷ್ಟರಲ್ಲಿ ಮಗಳ ಫೋನು ಬಡಿದುಕೊಂಡಿತು. ಸೋದರತ್ತೆಯ ದನಿ ಪಕ್ಕದ ಸೀಟಿಗೂ ಕೇಳಿಸುವಂತಿತ್ತು. "ಎಲ್ಲಿಗೆ ಹೋದ್ರೇ ಅಪ್ಪ ಮಗಳು? ಕೆಳಗೆ ಸ್ಕೂಟರ್ ಎಲ್ಲಾ ತೆಗೆಸಿ ಜಾಗ ಮಾಡಿಸ್ತಿದ್ದೀನಿ. ಕುರ್ಚಿಯವನು ಬಂದು ನಿಂತಿದ್ದಾನೆ. ಜನ ಬರೋಕೆ ಶುರುವಾದ್ರೆ ಮನೆ ಯಜಮಾನ ಎಲ್ಲಿ ಅಂದ್ರೆ ಏನು ಹೇಳ್ಲಿ?"

"ಅಮ್ಮನ್ನ ಕರ್ಕೊಂಡು ಬರೋಕೆ ಹೋಗಿದ್ದಾರೆ ಅಂತ ಹೇಳಿ ಅತ್ತೆ," ಎಂದು ಮಗಳು ಫೋನು ಇಟ್ಟಳು. ಆಮೇಲೆ ಕಿಟಕಿಯ ಕಡೆಗೆ ತಿರುಗಿ, ಅಪ್ಪನಿಗೆ ಕಾಣದಂತೆ ಕಣ್ಣೊರೆಸಿಕೊಂಡಳು. ಮೇಸ್ತ್ರಿಗೆ ಕಂಡಿತು. "ಚಪ್ಪಲಿ ಅದಲು ಬದಲಾಗಿದೆ ನೋಡು," ಎಂದರು.

ನಿವಾಸದ ಗೇಟಿನೊಳಗೆ ಕಾಲಿಟ್ಟಾಗ ಹತ್ತೂ ಮುಕ್ಕಾಲು. ಹೊರಗಿನ ಜಗಲಿಯಲ್ಲಿ ಹಳೆಯ ಸ್ಟೇಷನ್ ಮಾಸ್ಟರು ಗಾಲಿಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ಹೆಂಡತಿ ಮಕ್ಕಳ ಗುರುತು ಹೋಗಿ ಮೂರು ವರ್ಷವಾಗಿತ್ತು, ಗಾಡಿಗಳ ಹೊತ್ತು ಮಾತ್ರ ಹೋಗಿರಲಿಲ್ಲ. ಮೇಸ್ತ್ರಿ ಬಂದಾಗಲೆಲ್ಲ "ಹತ್ತೂವರೆ ಬಂತು!" ಎಂದು ಒಳಗೆ ಕೇಳುವಂತೆ ಕೂಗುವುದು ಅವರ ದಿನದ ಕೆಲಸ. ಅಲ್ಲಿ ಮೇಸ್ತ್ರಿಗೆ ಹೆಸರೇ ಹತ್ತೂವರೆ ಎಂದಾಗಿಹೋಗಿತ್ತು. ಅವರು ಈಗ ಮೇಸ್ತ್ರಿಯನ್ನು ಮೇಲಿನಿಂದ ಕೆಳಗೆ ನೋಡಿ, ಗೋಡೆಯ ಗಡಿಯಾರ ನೋಡಿ, ಕೂಗಲಿಲ್ಲ. ಮೆಲ್ಲಗೆ, "ಹದಿನೈದು ನಿಮಿಷ ಲೇಟು," ಎಂದರು.

ಹಜಾರದ ನಡುವೆ ಎತ್ತರದ ಮಂಚ ಹಾಕಿ ಹೆಂಡತಿಯನ್ನು ಮಲಗಿಸಿದ್ದರು. ಬಿಳಿ ಹೊದಿಕೆ, ಮಡಿಕೆಯ ಗೆರೆಯೂ ಕಾಣದಷ್ಟು ನೀಟಾಗಿತ್ತು. ತಲೆ ಬಾಚಿತ್ತು, ಕಣ್ಣು ಮುಚ್ಚಿತ್ತು, ಬಾಯಿ ಮುಚ್ಚಿತ್ತು. ಸುತ್ತಲೂ ಹದಿನೆಂಟು ಜನ ಹಿರಿಯರು, ಕೆಲವರು ಗಾಲಿಕುರ್ಚಿಯಲ್ಲಿ, ಕೆಲವರು ನಾಲ್ಕು ಕಾಲಿನ ಕೋಲು ಹಿಡಿದು. ಅವಳನ್ನು ನೋಡಿಕೊಳ್ಳುತ್ತಿದ್ದ ಆಯಾ ತಲೆಯ ಹತ್ತಿರ ನಿಂತಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಚೆನ್ನಾಗಿ ಮಾಡಿದ್ದೀಯಮ್ಮ," ಎಂದಳು ಮಗಳು.

"ಅವ್ರೇ ಕಲಿಸಿದ್ದು ಅಕ್ಕ. ಹೋದ ವರ್ಷ ನಾಲ್ಕನೇ ನಂಬರ್ ಅಜ್ಜಿ ಹೋದಾಗ ನಂಗೆ ಹತ್ರ ಹೋಗೋಕೇ ಆಗ್ಲಿಲ್ಲ. ಸಿಸ್ಟರ್ ಪಕ್ಕದಲ್ಲಿ ಕುರ್ಚಿ ಹಾಕಿಸ್ಕೊಂಡು ಕೂತು ಒಂದೊಂದೇ ಹೇಳಿಕೊಟ್ರು. ಮೊದ್ಲು ಕಣ್ಣು, ಆಮೇಲೆ ಗದ್ದದ ಕೆಳಗೆ ಟವೆಲ್ ಸುತ್ತಿಡು, ಮಾತಾಡಿಸ್ತಾ ಮಾಡು ಅಂದ್ರು. ಇವತ್ತು ಅವ್ರಿಗೇ ಮಾಡಿದೆ. ಮಾತಾಡಿಸ್ತಾನೇ ಮಾಡಿದೆ."

ಮೇಸ್ತ್ರಿ ಮಂಚದ ಪಕ್ಕ ಎಂದಿನ ಕುರ್ಚಿ ಎಳೆದುಕೊಂಡು ಕೂತರು. ಎಂದಿನಂತೆ ಅವಳ ಕಡೆಗೆ ಮುಖ ಮಾಡಿ.

*

ಪಾರ್ಶ್ವವಾಯು ಬಡಿದು ಹೆಂಡತಿಯ ಎಡಗೈ, ಎಡಗಾಲು ಬಿದ್ದುಹೋದ ಮೇಲೆ ಮೇಸ್ತ್ರಿ ಐದು ತಿಂಗಳು ಮನೆಯಲ್ಲೇ ನೋಡಿಕೊಂಡಿದ್ದರು. ಅವಳು ಮಲಗಿದಲ್ಲಿಂದಲೇ ಅವರಿಗೆ ಕೆಲಸ ಕಲಿಸುತ್ತಿದ್ದಳು.

"ಬೆನ್ನು ಬಗ್ಗಿಸ್ಬೇಡಿ ರೀ, ಮಂಡಿ ಬಗ್ಗಿಸಿ. ನಾನೇನು ಸಿಮೆಂಟ್ ಮೂಟೇನಾ?"

"ಮೂಟೆ ಆಗಿದ್ರೆ ಸುಮ್ನಿರ್ತಿತ್ತು. ಇಷ್ಟು ಮಾತಾಡ್ತಿರ್ಲಿಲ್ಲ."

ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಅವರ ಮಂಡಿಯೇ ಕೈಕೊಟ್ಟಿತು. ಇಬ್ಬರೂ ಬಿದ್ದರು. ಏಟೇನೂ ಆಗಲಿಲ್ಲ, ಆದರೆ ಏಳಲು ಇಬ್ಬರಿಂದಲೂ ಆಗಲಿಲ್ಲ. ಬಿದ್ದಲ್ಲಿಂದ ಬೇಸಿನ್ನಿನ ಕೆಳಗಿನ ಪೈಪು ಕಾಣುತ್ತಿತ್ತು. "ನೋಡು, ಆ ಜಾಯಿಂಟು ಸಣ್ಣಗೆ ಸೋರ್ತಿದೆ," ಎಂದರು ಮೇಸ್ತ್ರಿ. ಹೆಂಡತಿಗೆ ನಗು ಬಂತು. ಅವಳು ನಕ್ಕಿದ್ದಕ್ಕೆ ಅವರಿಗೂ ಬಂತು. ಆದರೆ ಮುಕ್ಕಾಲು ಗಂಟೆಯ ಮೇಲೆ ಪಕ್ಕದ ಮನೆಯಾಕೆ ಬಂದು ಎಬ್ಬಿಸುವ ಹೊತ್ತಿಗೆ ಇಬ್ಬರ ನಗುವೂ ನಿಂತು ಬಹಳ ಹೊತ್ತಾಗಿತ್ತು.

ಮುಂದಿನ ಭಾನುವಾರ ಮಗಳು ಬಂದಳು. ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಳ್ಳುವವಳು ಅವಳು, ಪಟ್ಟಿ ಮಾಡದೆ ಹಲ್ಲೂ ಉಜ್ಜುವವಳಲ್ಲ. ಊಟದ ಮೇಜಿನ ಮೇಲೆ ಹಾಳೆ ಹರಡಿ ನಡುವೆ ಗೆರೆ ಎಳೆದಳು. ಒಂದು ಕಡೆ 'ಒಳ್ಳೇದು', ಇನ್ನೊಂದು ಕಡೆ 'ಕೆಟ್ಟದ್ದು'. ಹಿರಿಯರ ನಿವಾಸದ ವಿಷಯ ಎತ್ತಿದ್ದು ಮಗಳಲ್ಲ, ಹೆಂಡತಿಯೇ. ಯಾರನ್ನೋ ವಿಚಾರಿಸಿ, ಪಕ್ಕದ ಮನೆಯವರು ಎತ್ತಿ ಇಳಿಸಿದ ಮೇಲೆ ಗಾಲಿಕುರ್ಚಿಯಲ್ಲಿ ಹೋಗಿ ನೋಡಿಕೊಂಡೂ ಬಂದಿದ್ದಳು. ಡಾಕ್ಟರು ವಾರ್ಡಿಗೆ ಬಂದಾಗ ರೋಗಿಯ ಸ್ಥಿತಿ ಒಪ್ಪಿಸುವ ದನಿಯಲ್ಲಿ ಹೇಳುತ್ತಾ ಹೋದಳು.

"ಒಳ್ಳೇದ್ರಲ್ಲಿ ಬರ್ಕೋ. ಮೆಟ್ಟಿಲಿಲ್ಲ. ಗೋಡೆ ಉದ್ದಕ್ಕೂ ಹಿಡ್ಕೊಳ್ಳೋ ಕಂಬಿ ಇದೆ. ಎತ್ತೋಕೆ ಗೊತ್ತಿರೋ ಆಯಾಗಳು ಮೂರು ಜನ. ರಾತ್ರಿ ಬೆಲ್ ಒತ್ತಿದ್ರೆ ಬರ್ತಾರೆ. ನಾನೇ ಒತ್ತಿ ನೋಡಿದೆ. ಮಾತಾಡೋಕೆ ಜನ ಇದ್ದಾರೆ."

"ನಾನು ಮಾತಾಡಲ್ವಾ?" ಎಂದರು ಮೇಸ್ತ್ರಿ.

"ಪೇಪರ್ ಜೋರಾಗಿ ಓದೋದು ಮಾತಲ್ಲ ರೀ. ಈಗ ಕೆಟ್ಟದ್ದು ಬರ್ಕೋ. ಆರೂವರೆಗೇ ರಾತ್ರಿ ಊಟ. ಉಪ್ಪು ಕಮ್ಮಿ. ಬಾಗಿಲಿಗೆ ಒಳಗಿಂದ ಚಿಲಕ ಇಲ್ಲ. ಟಿವಿ ಯಾರೋ ಹಾಕಿದ್ದನ್ನ ಎಲ್ರೂ ನೋಡ್ಬೇಕು. ತಿಂಗಳಿಗೋ ಎರಡು ತಿಂಗಳಿಗೋ ಒಂದು ಕುರ್ಚಿ ಖಾಲಿ ಆಗತ್ತೆ. ಅದು ನಂಗೆ ಹೊಸದಲ್ಲ, ಆದ್ರೂ ಬರ್ಕೋ."

"ಅಲ್ಲಿ ನಾನಿರಲ್ಲ," ಎಂದರು ಮೇಸ್ತ್ರಿ. "ಅದನ್ನೂ ಬರ್ಕೋ."

ಮಗಳ ಪೆನ್ನು ಗೆರೆಯ ಮೇಲೇ ನಿಂತಿತು. "ಯಾವ ಕಡೆ ಬರೀಲಿ ಅಪ್ಪ?"

ಅವಳು ಕುಹಕವಾಡಿದ್ದಲ್ಲ, ಪಟ್ಟಿ ಮಾಡುವವರ ಸಹಜ ಪ್ರಶ್ನೆ ಅದು. ಆದರೆ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕಳೇ ಹೊರತು ಯಾವ ಕಡೆ ಎಂದು ಹೇಳಲಿಲ್ಲ. ಮೇಸ್ತ್ರಿ ಮುಖ ಊದಿಸಿಕೊಂಡು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು.

ಆಮೇಲೆ ಅವಳೇ ಒಂದು ಸಲ, ಅವರು ತಲೆ ಬಾಚುತ್ತಿದ್ದಾಗ, "ಇಬ್ರು ಇರೋ ಕೋಣೇನೂ ಇದೆಯಂತೆ. ನೀವೂ ಬರ್ಬಹುದು," ಎಂದಳು.

"ನಂಗೇನಾಗಿದೆ? ಕೈಕಾಲು ಗಟ್ಟಿಯಾಗಿದೆ. ಅಲ್ಲಿ ಕೂತು ಏನು ಮಾಡ್ಲಿ?"

ಅವಳು ಎರಡನೇ ಸಲ ಕೇಳಲಿಲ್ಲ. ಅವಳು ಹೋಗಿದ್ದು ಅವರ ಕೈಲಾಗದು ಎಂದೋ, ಅವರೇ ಸಾಕಾಗಿಹೋದರು ಎಂದೋ? ಈ ಪ್ರಶ್ನೆಯನ್ನು ಮೇಸ್ತ್ರಿ ಎರಡು ವರ್ಷ ನಾಲ್ಕು ತಿಂಗಳು ಜೇಬಿನಲ್ಲೇ ಇಟ್ಟುಕೊಂಡು ದಿನಾ ಬಸ್ಸು ಹತ್ತಿದರು. ಕೇಳುವ ಧೈರ್ಯ ಮಾತ್ರ ಬರಲಿಲ್ಲ.

*

"ಗಾಡಿ ಹನ್ನೊಂದೂವರೆಗೇ ಬರ್ತಿದೆಯಂತೆ," ಎಂದು ಮ್ಯಾನೇಜರಮ್ಮ ಬಂದು ಹೇಳಿದಳು. "ನಮ್ಮ ವ್ಯಾನೂ ಜೊತೆಗೆ ಕಳಿಸ್ತೀನಿ. ಆದ್ರೆ ಅದ್ರಲ್ಲಿ ಗಾಲಿಕುರ್ಚಿ ಎರಡೇ ಹಿಡಿಯೋದು."

"ಅದಕ್ಕೇ ಯಾರಿಬ್ರು ಹೋಗೋದು ಅಂತ ಚೀಟಿ ಎತ್ತೋಣ ಅಂತಿದ್ವಿ," ಎಂದರು ಟೀಚರಮ್ಮ. ಭೂಗೋಳ ಪಾಠ ಮಾಡುತ್ತಿದ್ದವರು, ಏಳನೇ ನಂಬರಿನವರು. ಹೆಂಡತಿಯ ಕೋಣೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಮೇಸ್ತ್ರಿ ಬಂದಾಗ ಅವರು ಮರ್ಯಾದೆಯಿಂದ ಎದ್ದು ಹೋಗುತ್ತಿದ್ದರಾದ್ದರಿಂದ ಇಬ್ಬರ ನಡುವೆ ನಮಸ್ಕಾರದಾಚೆಗೆ ಮಾತು ಬೆಳೆದಿರಲಿಲ್ಲ. "ಮೇಸ್ತ್ರಿ, ನಿಮ್ಮ ಮನೆಗೆ ಮೆಟ್ಟಿಲೆಷ್ಟು?"

"ಐವತ್ನಾಲ್ಕು."

"ಮೇಲಕ್ಕೆ ಹತ್ತಿಸಲ್ಲ ಟೀಚರ್," ಎಂದಳು ಮಗಳು. "ಕೆಳಗೆ ಗಾಡಿ ನಿಲ್ಲಿಸೋ ಜಾಗದಲ್ಲೇ ಒಂದು ಗಂಟೆ ಇಟ್ಟು ಹೊರಡೋದು."

ಮೇಸ್ತ್ರಿ ಹಜಾರದಲ್ಲಿ ಒಮ್ಮೆ ಕಣ್ಣಾಡಿಸಿದರು. ಚೀಟಿ ಎತ್ತಲು ಕಾದು ಕೂತ ಹದಿನೆಂಟು ಜನ. ಯಾರ ಕೈಯಲ್ಲೋ ತೋಟದಿಂದ ಕಿತ್ತ ಎರಡು ಹೂವು, ಹಿಡಿದು ಹಿಡಿದು ಬಾಡಿದ್ದವು. ಸ್ಟೇಷನ್ ಮಾಸ್ಟರನ್ನೂ ಯಾರೋ ಒಳಗೆ ತಳ್ಳಿಕೊಂಡು ಬಂದಿದ್ದರು.

"ಅವಳು ಮೂವತ್ತು ವರ್ಷ ಇದ್ದದ್ದು ಮೂರನೇ ಮಹಡೀಲಿ," ಎಂದರು ಮೇಸ್ತ್ರಿ. "ಸ್ಕೂಟರ್ ನಿಲ್ಲಿಸೋ ಜಾಗದಲ್ಲಲ್ಲ."

"ಅಪ್ಪ..."

"ಇಲ್ಲಿಂದಲೇ ಹೋಗ್ಲಿ. ಮೆಟ್ಟಿಲು ಇಳಿಯೋಕೆ ಆಗೋರು ಅಲ್ಲಿದ್ದಾರೆ. ಹತ್ತೋಕೆ ಆಗದೇ ಇರೋರು ಇಲ್ಲಿದ್ದಾರೆ. ಬರೋಕಾಗೋರು ಬರ್ಲಿ. ನಿಮ್ಮತ್ತೆಗೆ ಫೋನ್ ಹಾಕು."

ತಂಗಿ ಫೋನಿನಲ್ಲೇ ಸಿಡಿದಳು. "ಅಣ್ಣ, ನಿಂಗೆ ತಲೆ ನೆಟ್ಟಗಿದೆಯಾ? ಹೆಣ ಮನೆ ಬಾಗಿಲಿಗೂ ಬರ್ಲಿಲ್ಲ ಅಂತ ಜನ ಆಡ್ಕೊಳ್ಳಲ್ವಾ? ಇದ್ದಾಗ ಹೊರಗೆ ಕಳಿಸಿದ್ರು, ಸತ್ತ ಮೇಲೂ ಒಳಗೆ ಸೇರಿಸ್ಲಿಲ್ಲ ಅಂತಾರೆ."

"ಅನ್ಲಿ. ಕುರ್ಚಿಯವನಿಗೆ ಕುರ್ಚಿ ವಾಪಸ್ ಕೊಟ್ಟು, ಬಂದಿರೋರ್ನ ಕರ್ಕೊಂಡು ನೀನೂ ಬಾ."

*

ಮೊದಲ ಎರಡು ತಿಂಗಳು ಮೇಸ್ತ್ರಿಗೆ ಅಲ್ಲಿ ಕೂರಲು ಬರುತ್ತಿರಲಿಲ್ಲ. ಬಂದವರೇ ಹೆಂಡತಿಯ ಮುಖ ನೋಡಿ "ಹೇಗಿದ್ದೀಯ?" ಎನ್ನುವರು. ಅವಳು "ಚೆನ್ನಾಗಿದ್ದೀನಿ" ಎನ್ನುವಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮುಂದೆ ಆರೂವರೆ ಗಂಟೆ ಕಳೆಯಬೇಕು. ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಅವರಿಗೆ ಜೀವ ಬಂದಂತಾಗುತ್ತಿತ್ತು. ಚೀಲದಲ್ಲಿ ಸ್ಪ್ಯಾನರು ಇದ್ದೇ ಇರುತ್ತಿತ್ತು. ಒಂದನೇ ನಂಬರಿನಿಂದ ಶುರುಮಾಡಿ ಹದಿನಾಲ್ಕರವರೆಗೆ ಒಂದು ಸುತ್ತು ಮುಗಿಸಿದರು. ಅಡುಗೆಮನೆಯ ಸಿಂಕು, ತೋಟದ ಪೈಪು, ಮಹಡಿಯ ಟ್ಯಾಂಕು, ಯಾವುದನ್ನೂ ಬಿಡಲಿಲ್ಲ. ಹೆಂಡತಿ ಕೇಳಿಕೊಂಡಳೆಂದು ಅವಳ ಬಚ್ಚಲ ಬಾಗಿಲಿಗೆ ಒಳಗಿನಿಂದ ಹಿತ್ತಾಳೆಯ ಚಿಲಕವನ್ನೂ ಹಾಕಿಕೊಟ್ಟರು.

ಮರುದಿನ ಬರುವಷ್ಟರಲ್ಲಿ ಮ್ಯಾನೇಜರಮ್ಮ ಅದನ್ನು ಬಿಚ್ಚಿಸಿಹಾಕಿದ್ದಳು. ಹಿಂದೆ ಯಾರೋ ಒಳಗೆ ಬಿದ್ದು, ಬಾಗಿಲು ಒಡೆಯಬೇಕಾಗಿ ಬಂದಿತ್ತಂತೆ. ಮೇಸ್ತ್ರಿ ಜಗಳಕ್ಕೇ ನಿಂತರು. ಹೆಂಡತಿ ಅವರ ಪರ ನಿಲ್ಲಲಿಲ್ಲ.

"ಅವ್ರು ಮಾಡಿದ್ದು ಸರಿ ರೀ. ನಾನು ಮ್ಯಾನೇಜರ್ ಆಗಿದ್ರೂ ಬಿಚ್ಚಿಸ್ತಿದ್ದೆ."

"ಮತ್ತೆ ಹಾಕಿ ಅಂತ ಯಾಕೆ ಹೇಳಿದೆ?"

"ಬೇಕು ಅನ್ನಿಸ್ತು. ಒಂದು ದಿನ ಸಿಕ್ತಲ್ಲ, ಸಾಕು. ಮೂವತ್ತು ಸಲ ಹಾಕಿ ತೆಗೆದೆ." ಅವಳು ಅವರ ಕೈಯ ಸ್ಪ್ಯಾನರು ನೋಡಿ ಹೇಳಿದಳು. "ನೀವು ಇಲ್ಲಿಗೆ ನಲ್ಲಿ ನೋಡೋಕೆ ಬರ್ತೀರೋ, ನನ್ನ ನೋಡೋಕೆ ಬರ್ತೀರೋ?"

"ಇದೇನು ಪ್ರಶ್ನೆ?"

"ಹಾಗಾದ್ರೆ ಆ ಚೀಲ ಬಾಗಿಲ ಹತ್ರ ಇಟ್ಟು, ಕುರ್ಚಿ ಈ ಕಡೆ ತಿರುಗಿಸ್ಕೊಂಡು ಕೂತ್ಕೊಳ್ಳಿ."

ಕೂತರು. ಹಿಂದಿನ ದಿನ ಮನೆಯಲ್ಲಿ ತಾವೇ ಮಾಡಿದ ಅಡುಗೆ ತಳ ಹಿಡಿದ ಕಥೆ ಹೇಳಿದರು. ಅವಳು ವಾರ್ಡಿನಲ್ಲಿ ಒಮ್ಮೆ ಒಬ್ಬ ರೋಗಿ ಕಿಟಕಿಯಿಂದ ಹಾರಿ ಓಡಿಹೋಗಿ, ಸಂಜೆ ಹಸಿವಾಗಿ ಊಟದ ಹೊತ್ತಿಗೆ ತಾನೇ ವಾಪಸ್ ಬಂದು ಮಲಗಿದ ಕಥೆ ಹೇಳಿದಳು. ಮೂವತ್ತು ವರ್ಷ ಹಿಂದೆ ನಡೆದದ್ದು. ಮೇಸ್ತ್ರಿ ಮೊದಲ ಸಲ ಕೇಳುತ್ತಿದ್ದರು. "ಇದನ್ನ ನಂಗೆ ಯಾಕೆ ಹೇಳೇ ಇಲ್ಲ?" ಎಂದು ಕೇಳಿದರೆ, "ಆಗ ನೀವು ಎಲ್ಲಿ ಸಿಗ್ತಿದ್ರಿ? ನಾನು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ನೀವು ಚೀಲ ಹೆಗಲಿಗೆ ಹಾಕಿರ್ತಿದ್ರಿ," ಎಂದಳು. ಅಂದು ಐದರ ಗಂಟೆ ಬಾರಿಸಿದಾಗ ಇಷ್ಟು ಬೇಗ ಐದಾಯಿತೇ ಎಂದು ಇಬ್ಬರಿಗೂ ಅನ್ನಿಸಿತು.

ಅಂದಿನಿಂದ ಮೇಸ್ತ್ರಿ ಸ್ಪ್ಯಾನರು ತರುವುದು ಬಿಟ್ಟರು.

*

ತಂಗಿ ಬಂದಾಗ ಹನ್ನೆರಡು ದಾಟಿತ್ತು. ಜೊತೆಗೆ ಅಕ್ಕಪಕ್ಕದ ಮನೆಯವರು ಹತ್ತು ಹನ್ನೆರಡು ಜನ. ಗಾಡಿಯವನು ಹೊರಗೆ ಮರದ ನೆರಳಲ್ಲಿ ಕಾಯುತ್ತಿದ್ದ. ತಂಗಿ ಅತ್ತಿಗೆಯ ಕಾಲ ಬುಡದಲ್ಲಿ ಹೂವಿಟ್ಟು, ಸ್ವಲ್ಪ ಹೊತ್ತು ಗೊಳೋ ಎಂದು ಅತ್ತಳು. ಅಳು ನಿಂತ ಮೇಲೆ ಕೋಪ ಬಂತು.

"ಎಷ್ಟೋ ಜನರ ಕೈ ಹಿಡಿದು ಬದುಕಿಸಿದ ಜೀವ. ಕೊನೆಗೆ ವೃದ್ಧಾಶ್ರಮದಲ್ಲಿ ಹೋಗೋ ಹಾಗಾಯ್ತಲ್ಲ."

"ಬೋರ್ಡಲ್ಲಿ ಹಿರಿಯರ ನಿವಾಸ ಅಂತಿದೆಯಮ್ಮ," ಎಂದರು ಟೀಚರಮ್ಮ.

"ಬೋರ್ಡಲ್ಲಿ ಏನು ಬೇಕಾದ್ರೂ ಬರೀಬಹುದು. ನೀವೇ ಹೇಳಿ, ಇಲ್ಲಿ ಏನು ಸುಖ ಇದೆ? ಹೊತ್ತಿಗೆ ಮುಂಚೆ ಊಟ. ಅದಕ್ಕೂ ಉಪ್ಪಿಲ್ಲ, ಅತ್ತಿಗೇನೇ ಹೇಳಿದ್ರು. ಬಾಗಿಲು ಹಾಕ್ಕೊಳ್ಳೋ ಹಾಗಿಲ್ಲ. ಪಕ್ಕದಲ್ಲಿರೋರು ಇವತ್ತು ಇದ್ದೋರು ನಾಳೆ ಇಲ್ಲ."

"ಎಲ್ಲಾ ನಿಜ," ಎಂದರು ಟೀಚರಮ್ಮ. "ಮಧ್ಯಾಹ್ನದ ಟಿವಿ ಬಿಟ್ರಿ, ಅದೂ ಸೇರಿಸ್ಕೊಳ್ಳಿ. ನಂಗಂತೂ ಮಗ ಬಿಟ್ಟು ಹೋದ ದಿನ ಎರಡು ಹೊತ್ತು ಊಟ ಸೇರ್ಲಿಲ್ಲ. ನಿಮ್ಮ ಅತ್ತಿಗೆ ಬಂದ ದಿನಾನೇ ಎರಡು ಸಲ ಬಡಿಸ್ಕೊಂಡು ತಿಂದ್ರು, ಉಪ್ಪಿಲ್ಲ ಅಂತ ಬೈಕೊಂಡೇ."

ಅಕ್ಕಪಕ್ಕದವರಲ್ಲಿ ಯಾರೋ ನಗು ತಡೆದುಕೊಂಡರು. ತಂಗಿಗೂ ತುಟಿ ಅಲುಗಿತು, ಆದರೆ ಅವಳು ಪಟ್ಟು ಬಿಡಲಿಲ್ಲ. "ಮನೇಲಿ ಗಂಡ ಕಣ್ಣೆದುರಿಗೆ ಇರ್ತಿದ್ದ. ಅದಕ್ಕಿಂತ ಏನು ಬೇಕು ಹೆಂಗಸಿಗೆ?"

ಟೀಚರಮ್ಮ ಮೇಸ್ತ್ರಿಯ ಕಡೆ ನೋಡಿದರು. ಹೇಳಬಹುದೇ ಎಂದು ಕೇಳುವಂಥ ನೋಟ. ಮೇಸ್ತ್ರಿ ಹೂಂ ಎಂಬಂತೆ ತಲೆಯಾಡಿಸಿದರು. ಏನು ಬರುತ್ತದೋ ಗೊತ್ತಿರಲಿಲ್ಲ, ಬಂದರೆ ಈಗಲೇ ಬರಲಿ ಅನ್ನಿಸಿತ್ತು.

"ಈ ಮಾತು ನಾನೂ ಅವ್ರನ್ನ ಕೇಳಿದ್ದೆ," ಎಂದರು ಟೀಚರಮ್ಮ. "ಒಂದು ಸಂಜೆ ಕರೆಂಟ್ ಹೋಗಿ ಟಿವಿ ನಿಂತಿತ್ತು. ಮಾಡೋಕೆ ಬೇರೆ ಕೆಲಸ ಇಲ್ಲದೆ ನಾವಿಬ್ರೂ ಇಲ್ಲಿ ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಒಂದೊಂದೇ ಎಣಿಸ್ತಾ ಕೂತ್ವಿ. ನಾನು ಒಳ್ಳೇದ್ರಲ್ಲಿ ಬಿಸಿನೀರು ಅಂದೆ. ನಿಮ್ಮ ಅತ್ತಿಗೆ, ನನ್ನ ನೋಡೋಕೆ ನಮ್ಮೋರು ಬರ್ತಾರೆ ಅಂದ್ರು. ಅಲ್ರೀ ಸಿಸ್ಟರ್, ಮನೇಲಿ ದಿನಪೂರ್ತಿ ಇರ್ತಿದ್ರಲ್ಲ ಅಂದೆ. ಅದಕ್ಕೆ ಅವ್ರು ಹೇಳಿದ್ದು ಇದು: 'ಮನೇಲಿ ಇರ್ತಿದ್ರು, ಬರ್ತಿರ್ಲಿಲ್ಲ. ನಲವತ್ತು ವರ್ಷ ಅವ್ರ ಬೆನ್ನು ನೋಡಿದ್ದೀನಿ, ಒಂದೋ ಸಿಂಕಿನ ಕೆಳಗೆ, ಇಲ್ಲ ಪೇಪರ್ ಹಿಂದೆ. ಇಲ್ಲಿ ಗಡ್ಡ ಕೆರೆದು, ಇಸ್ತ್ರಿ ಅಂಗಿ ಹಾಕ್ಕೊಂಡು, ಮುಕ್ಕಾಲು ಗಂಟೆ ಬಸ್ಸಲ್ಲಿ ಕೂತು ಬರ್ತಾರೆ. ಬಂದು ನನ್ನ ಮುಖ ನೋಡ್ಕೊಂಡು ಕೂರ್ತಾರೆ. ಮದುವೆಗೆ ಮುಂಚೇನೂ ಹೀಗೆ ಬಂದೋರಲ್ಲ.'"

ಮಗಳು ಅಪ್ಪನ ಕುರ್ಚಿಯ ಹಿಂದೆ ಬಂದು ನಿಂತಿದ್ದಳು.

"ಕೆಟ್ಟದ್ರಲ್ಲಿ?" ಎಂದು ಕೇಳಿದರು ಮೇಸ್ತ್ರಿ. "ಕೆಟ್ಟದ್ರಲ್ಲಿ ಏನಂದ್ಲು?"

"ನಾನು ಹತ್ತು ಹೇಳಿದೆ. ಅವ್ರು ಒಂದೇ. 'ಸಂಜೆ ಐದರಿಂದ ಬೆಳಗ್ಗೆ ಹತ್ತೂವರೆವರೆಗೆ ಹದಿನೇಳೂವರೆ ಗಂಟೆ ಟೀಚರಮ್ಮ. ಅದನ್ನ ಒಂದೇ ಸಾಲಲ್ಲಿ ಬರ್ಕೊಳ್ಳಿ' ಅಂದ್ರು. ನೀವೂ ಇಲ್ಲೇ ಬಂದಿರಿ ಅಂತ ಕೇಳ್ಬಾರ್ದಾ ಅಂದ್ರೆ, 'ಒಂದು ಸಲ ಕೇಳಿದೆ. ಇನ್ನೊಂದು ಸಲ ಕೇಳಿದ್ರೆ ನನಗೋಸ್ಕರ ಬಂದುಬಿಡ್ತಾರೆ. ಕೈಕಾಲು ಗಟ್ಟಿ ಇರೋರನ್ನ ವಾರ್ಡಿಗೆ ಸೇರಿಸ್ಕೊಳ್ಳೋ ಅಭ್ಯಾಸ ನಂಗಿಲ್ಲ' ಅಂದ್ರು."

ಮೇಸ್ತ್ರಿ ಹೆಂಡತಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಕೈ ಚಾಚಿ, ಆಯಾ ಬಲಗಡೆಗೆ ತೆಗೆದಿದ್ದ ಬೈತಲೆಯನ್ನು ಬೆರಳಿನಲ್ಲೇ ಬಿಡಿಸಿ, ಅವಳು ಯಾವಾಗಲೂ ತೆಗೆಯುತ್ತಿದ್ದಂತೆ ನಡುವಿಗೆ ತಂದರು. ತಂಗಿ ಕೈಚೀಲದಿಂದ ಬಾಚಣಿಗೆ ತೆಗೆದು ಅಣ್ಣನ ಕೈಗೆ ಕೊಟ್ಟಳು.

ಹೊರಡುವಾಗ ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ಕೆಲವರಿಗೆ ಮಂಚದ ಎತ್ತರ ನಿಲುಕದೆ ಹೊದಿಕೆಯ ಅಂಚನ್ನಷ್ಟೇ ಮುಟ್ಟಿದರು. ಎಲ್ಲರದೂ ಆಗುವಷ್ಟರಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಗಾಡಿಯವನು ಒಳಗೆ ಬಂದು ಕೈಗಡಿಯಾರ ನೋಡಿಕೊಂಡ. ತಂಗಿಯೇ ಅವನನ್ನು ಗದರಿಸಿದಳು. "ಇರಪ್ಪ, ಅವ್ರಿಗೆಲ್ಲಾ ನಡೆಯೋಕೆ ಹೊತ್ತು ಹಿಡಿಯತ್ತೆ. ಕಾಣಲ್ವಾ?"

ಚಿತಾಗಾರದಲ್ಲಿ ಮಾತ್ರ ಎಲ್ಲ ಬೇಗ ಮುಗಿಯಿತು. ಒಂದು ಬಾಗಿಲು ತೆರೆದು ಮುಚ್ಚಿತು, ಅಷ್ಟೇ.

ಬಂದವರು ಅಲ್ಲಿಂದಲೇ ಚೆದುರಿದರು. ತಂಗಿ ಅಣ್ಣನ ಮನೆಗೆ ಬೀಗ ಹಾಕಿಲ್ಲವೆಂದು ನೆನಪಾಗಿ ಅಕ್ಕಪಕ್ಕದವರ ಜೊತೆ ಹೊರಟಳು. ಕೋಣೆಯಲ್ಲಿದ್ದ ಬಟ್ಟೆಬರೆ ತರಬೇಕೆಂದು ಅಪ್ಪ ಮಗಳು ನಿವಾಸಕ್ಕೆ ಮರಳಿದರು. ಆರನೇ ನಂಬರಿನಲ್ಲಿ ಕಿಟಕಿ ತೆರೆದಿತ್ತು, ಹಾಸಿಗೆಯ ಮೇಲೆ ಬೇರೆ ಹೊದಿಕೆ ಬಂದಿತ್ತು. ಮಗಳು ಬಟ್ಟೆ ಮಡಿಚುತ್ತಾ ಕೂತಳು. ನಾಲ್ಕು ಸೀರೆ, ಎರಡು ಶಾಲು, ಒಂದು ರಕ್ತದೊತ್ತಡ ನೋಡುವ ಯಂತ್ರ. ಎಲ್ಲ ಸೇರಿ ಒಂದೇ ಚೀಲಕ್ಕೆ ಆಯಿತು.

"ಅಪ್ಪ, ಆ ಪಟ್ಟಿ ನಾನು ಬರೀಬಾರ್ದಿತ್ತು," ಎಂದಳು ತಲೆ ಎತ್ತದೆ.

"ನೀನು ಬರೆದೆ, ಅವಳು ಹೇಳಿದ್ಲು. ಅವಳು ಹೇಳಿದ್ದನ್ನ ಡಾಕ್ಟರುಗಳೂ ಬರ್ಕೊಳ್ತಿದ್ರು."

"ನಮ್ಮನೆಗೆ ಬಂದ್ಬಿಡು. ಒಂದು ಕೋಣೆ ಇದೆ. ಒಬ್ಬನೇ ಆ ಮೂರು ಮಹಡಿ ಹತ್ತಿ ಇಳಿದು..."

ಹೊರಗೆ ಐದರ ಗಂಟೆ ಬಾರಿಸಿತು. ಅಭ್ಯಾಸಬಲದಿಂದ ಮೇಸ್ತ್ರಿ ಎದ್ದೇಬಿಟ್ಟರು. ಎದ್ದವರು ಬಾಗಿಲವರೆಗೆ ಹೋಗಿ, ಅಲ್ಲೇ ನಿಂತರು. ಬಾಗಿಲಲ್ಲಿ ಮ್ಯಾನೇಜರಮ್ಮ ಇದ್ದಳು. "ಅವಸರ ಇಲ್ಲ ಮೇಸ್ತ್ರಿ. ಈ ತಿಂಗಳು ಮುಗಿಯೋವರೆಗೂ ಕೋಣೆ ನಿಮ್ಮದೇ," ಎಂದಳು.

"ಹಾಗಾದ್ರೆ ಒಂದು ವಾರ ಇರ್ತೀನಿ," ಎಂದರು ಮೇಸ್ತ್ರಿ.

ಮಗಳ ಕೈಯಲ್ಲಿ ಅರ್ಧ ಮಡಿಚಿದ ಶಾಲು ಹಾಗೇ ಉಳಿಯಿತು. "ಇಲ್ಲೇನಾ? ಈಗ್ಲೇನಾ? ಯಾಕಪ್ಪ?"

"ಐದರ ಮೇಲೆ ಇಲ್ಲಿ ಏನು ನಡೆಯತ್ತೋ ನಾನು ನೋಡೇ ಇಲ್ಲ. ಅದನ್ನ ನೋಡ್ಬೇಕು. ಆಮೇಲೆ ನಿನ್ನ ಮನೆಯೋ, ನನ್ನ ಮನೆಯೋ, ಇದೋ ಅಂತ ಹೇಳ್ತೀನಿ. ನಾಳೆ ಬರುವಾಗ ಎರಡು ಅಂಗಿ ತಂದುಕೊಡು. ಇಸ್ತ್ರಿ ಮಾಡಿದ್ದು."

ಮಗಳು ಒಪ್ಪಿದಳೋ ಇಲ್ಲವೋ, ವಾದಿಸಲಿಲ್ಲ. ಚೀಲದಿಂದ ಒಂದು ಶಾಲು ಹೊರಗೆ ತೆಗೆದು ಹಾಸಿಗೆಯ ಮೇಲಿಟ್ಟು, "ಬೆಳಗ್ಗೆ ಚಳಿ ಇರತ್ತೆ," ಎಂದು ಹೇಳಿ ಹೊರಟಳು.

ಐದರ ಮೇಲೆ ಅಲ್ಲಿ ನಡೆಯುವುದು ದೊಡ್ಡದೇನೂ ಅಲ್ಲ. ಆಯಾಗಳ ಪಾಳಿ ಬದಲಾಯಿತು. ಬಿಸಿಲು ಹಜಾರದ ನೆಲದ ಮೇಲಿಂದ ಗೋಡೆಗೆ ಹತ್ತಿ ಹೋಯಿತು. ಗುಳಿಗೆಗಳ ತಟ್ಟೆ ಬಂತು. ಗಾಲಿಕುರ್ಚಿಗಳನ್ನು ಒಂದೊಂದಾಗಿ ಊಟದ ಕೋಣೆಯ ಕಡೆಗೆ ತಳ್ಳಿದರು. ಮೇಸ್ತ್ರಿ ಕೋಣೆಯಿಂದ ಹೊರಬಂದಾಗ ಮೊಗಸಾಲೆಯ ಬೆಂಚಿನ ಮೇಲೆ ಟೀಚರಮ್ಮ ಒಬ್ಬರೇ ಕೂತಿದ್ದರು. ಸಂಜೆಯ ಗಾಳಿ ತಣ್ಣಗಿತ್ತು. ಅವರ ಸ್ವೆಟರ್ ಮುಂದೆ ಪೂರ್ತಿ ತೆರೆದಿತ್ತು, ಎಡಗೈಯಲ್ಲಿ ಎರಡೂ ಅಂಚನ್ನು ಎದೆಯ ಹತ್ತಿರ ಒಟ್ಟಿಗೆ ಹಿಡಿದುಕೊಂಡಿದ್ದರು. ಬಲಗೈ ಮಡಿಲಲ್ಲಿ ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು.

"ಊಟಕ್ಕೆ ಹೋಗಲ್ವಾ?" ಎಂದರು ಮೇಸ್ತ್ರಿ.

"ಹೀಗೇ ಹೋಗೋಕೆ ನಾಚಿಕೆ ಆಗತ್ತೆ. ಆಯಾ ಕೈ ಖಾಲಿ ಆದ್ಮೇಲೆ ಬರ್ತೀನಿ ಅಂದಿದ್ದಾಳೆ." ಟೀಚರಮ್ಮ ಸ್ವಲ್ಪ ತಡೆದು ಹೇಳಿದರು. "ನಿಮ್ಮೋರಿಗೆ ಬಲಗೈ ಸರಿ ಇತ್ತು, ನಂಗೆ ಎಡಗೈ. ಎರಡೂ ಸೇರಿಸಿ ಇಬ್ರ ಗುಂಡೀನೂ ಹಾಕ್ಕೊಳ್ತಿದ್ವಿ. ದಿನಾ ಈ ಹೊತ್ತಿಗೆ, ಇದೇ ಬೆಂಚಿನ ಮೇಲೆ."

ಮೇಸ್ತ್ರಿ ಗೋಡೆಯ ಕಂಬಿ ಹಿಡಿದು ಮೆಲ್ಲಗೆ ಮಂಡಿಯೂರಿದರು. ಸಣ್ಣ ಗುಂಡಿಗಳು. ಪೈಪು ತಿರುಗಿಸಿ ದಪ್ಪಗಾದ ಬೆರಳುಗಳಿಗೆ ಮೊದಲನೆಯದು ಸಿಕ್ಕಲೇ ಇಲ್ಲ, ಸಿಕ್ಕ ಮೇಲೆ ಹೋಗಿ ಸೇರಿದ್ದು ತಪ್ಪು ತೂತಿಗೆ.

"ಅದು ಮೇಲಿನದು ಮೇಸ್ತ್ರಿ. ಕೆಳಗಿಂದ ಶುರುಮಾಡಿ."

ಅವರು ಬಿಚ್ಚಿ ಕೆಳಗಿನಿಂದ ಶುರುಮಾಡಿದರು. ಟೀಚರಮ್ಮ ಎಡಗೈಯಿಂದ ಬಟ್ಟೆಯ ಅಂಚನ್ನು ಬಿಗಿಯಾಗಿ ಎಳೆದು ಹಿಡಿದರು. ಮೇಸ್ತ್ರಿ ಉಸಿರು ಬಿಗಿಹಿಡಿದು, ಬಲಗೈಯ ಹೆಬ್ಬೆರಳಿನಿಂದ ಗುಂಡಿಯನ್ನು ಒತ್ತಿದರು.